ಕೆಂಪು ರಾಶಿಯಲ್ಲಿ ಕೆಂಪು ಲಂಗದ ಹುಡುಗಿ ಕಾಣ್ತಾನೇ ಇಲ್ಲ, ಏನು ಮಾಡಲಿ?

ಕುಂಚ_ಹಾವೇರಿ:
ಮಕ್ಕಳಿಗೆ ಅಂತ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ, 32 ಪುಟ. ಅಪ್ಪನ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಬಂದ ಹುಡುಗಿ ಮೆಣಸಿನಕಾಯಿ ರಾಶಿಗಳ ನಡುವೆ ಕಳೆದುಹೋಗುತ್ತಾಳೆ. ಅಜ್ಜಿ ಹೊಲಿದ ಕೆಂಪು ಲಂಗ ಹಾಕಿದ್ದಾಳೆ. ಪಜೀತಿ ಅಲ್ಲೇ ಆಗಿದ್ದು. ತಂಗಿಯ 5 ವರ್ಷದ ಮಗನಿಗೆ ಪುಟ ತೋರಿಸಿ "ಹುಡುಗಿ ಎಲ್ಲಿ?" ಅಂದೆ. ಮೂಲೆಯಲ್ಲಿದ್ದ ಬಿಳಿ ಆಡನ್ನು ತೋರಿಸಿದ! ಹಿಂದೆ ಪೂರ್ತಿ ಹಸಿರು ಹಚ್ಚಿ ನೋಡಿದೆ, ಬ್ಯಾಡಗಿ ಅನ್ನಿಸಲೇ ಇಲ್ಲ. ಲಂಗ ಬದಲಿಸೋಕೆ ಮನಸ್ಸಿಲ್ಲ. ಕೊನೆಗೆ ಅಪ್ಪ ಅವಳನ್ನು ಗುರುತಿಸೋದೇ ಆ ಲಂಗದಿಂದ. ಪುಟದ ಚಿತ್ರ ಇಲ್ಲೇ ಹಾಕಿದ್ದೇನೆ, ನೋಡಿ.

ಡ್ರಾಯಿಂಗ್‌ಸರ್_ಧಾರವಾಡ:
ಬಣ್ಣದ ಹೆಸರು ಮರೆತುಬಿಡಿ, ತಿಳಿ ಯಾವುದು, ಗಾಢ ಯಾವುದು ನೋಡಿ. ಪುಟದ ಫೋಟೊ ತೆಗೆದು ಮೊಬೈಲಿನಲ್ಲೇ ಕಪ್ಪು-ಬಿಳುಪು ಮಾಡಿ. ಲಂಗವೂ ರಾಶಿಯೂ ಒಂದೇ ಬೂದಿ ಬಣ್ಣಕ್ಕೆ ಬಂದರೆ ಹುಡುಗಿ ಕಾಣಲ್ಲ. ಕೆಂಪಿನ ಪಕ್ಕ ಹಸಿರು ಇಟ್ಟರೂ ಎಷ್ಟೋ ಸಲ ಹೀಗೇ ಆಗುತ್ತದೆ.

ಇನ್ನೊಂದು. ಹುಡುಗಿಗೆ ಪೂರ್ತಿ ಕಪ್ಪು ಬಳಿದು ನೋಡಿ. ಆಗಲೂ ಇವಳೇ ಅಂತ ಗೊತ್ತಾಗಬೇಕು. ನನ್ನ ಕ್ಲಾಸಿನ ಹುಡುಗರು ಮುಖಕ್ಕೆ ಅರ್ಧ ಗಂಟೆ ಕೊಟ್ಟು, ಕೈಗಳನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ (ಬೆರಳು ಬಿಡಿಸೋದು ಕಷ್ಟ, ನನಗೂ). ಹೆದರಿದ ಹುಡುಗಿ ಲಂಗದ ಚುಂಗು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ, ಅಲ್ವಾ? ಅದನ್ನು ಬಿಡಿಸಿ, ಲಂಗಕ್ಕೂ ಕೆಲಸ ಸಿಗುತ್ತದೆ.

ಡಬ್ಬಿ_ಕಡ್ಡಿ:
ನಾನು ಬ್ಯಾಡಗಿಯವನೇ, ಮನೆಮಂದಿಗೆಲ್ಲ ಮೆಣಸಿನಕಾಯಿ ವ್ಯಾಪಾರ. ಬೇಜಾರಾಗಬೇಡಿ, ಅದು ನಮ್ಮ ಕಾಯಿ ಅಲ್ಲವೇ ಅಲ್ಲ. ನೀವು ಹಚ್ಚಿರೋದು ಟೊಮೆಟೊ ಕೆಂಪು. ನಮ್ಮ ಕಾಯಿ ಒಣಗಿದ ಮೇಲೆ ಕಡುಗೆಂಪು, ಮೈತುಂಬ ಸುಕ್ಕು. ಆ ಸುಕ್ಕಿನ ಸಂದಿ ಹತ್ತಿರ ಹಿಡಿದು ನೋಡಿದರೆ ಹೆಚ್ಚುಕಮ್ಮಿ ಕಪ್ಪು. ಖಾರ ಕಡಿಮೆ, ಬಣ್ಣ ಜಾಸ್ತಿ. ಲಿಪ್‌ಸ್ಟಿಕ್ಕಿಗೂ ಇದರ ಬಣ್ಣ ಹೋಗುತ್ತದೆ. 2011ರಲ್ಲಿ ಜಿಐ ಟ್ಯಾಗ್ (ಇದು ಈ ಊರ ಕಡೆಯದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಸುಮ್ನೆ ಕೊಟ್ಟಿಲ್ಲ! ರಾಶಿಯನ್ನು ಅಷ್ಟು ಗಾಢ ಮಾಡಿ, ಲಂಗ ಹೇಗಿದೆಯೋ ಹಾಗೇ ಇರಲಿ. ನಡುವೆ ಸೆಣಬಿನ ಚೀಲಗಳನ್ನೂ ಇಡಿ. ಹಾಗೇ, ನಿಮ್ಮ ಮಾರ್ಕೆಟ್ಟಿನಲ್ಲಿ ಒಬ್ಬರೂ ಸೀನುತ್ತಿಲ್ಲವಲ್ಲ?

ಪ್ರೆಸ್_ಹುಬ್ಬಳ್ಳಿ:
ಸ್ಕ್ರೀನ್ ನಂಬಬೇಡಿ. ಅಚ್ಚಿಗೆ ನಾಲ್ಕು ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಮೊಬೈಲಿನಲ್ಲಿ ಹೊಳೆಯೋ ಕೆಂಪು ಕಾಗದದ ಮೇಲೆ ಮಂಕಾಗುತ್ತದೆ. ಮೊದಲು ಈ ಒಂದು ಪುಟದ ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ತೆಗೆಸಿ, ಉಳಿದ 31 ಆಮೇಲೆ.

ಕುಂಚ_ಹಾವೇರಿ:
ರಾತ್ರಿ ಕೂತು ರಾಶಿಯ ಕೆಂಪಿಗೆ ನೀಲಿ ಬೆರೆಸಿದೆ. ಮುಷ್ಟಿಗೆ ಚುಂಗು ಕೊಟ್ಟೆ. ಚೀಲದ ಪಕ್ಕ ಒಬ್ಬ ಹಮಾಲ ಮೂಗಿಗೆ ಟವೆಲ್ ಒತ್ತಿಕೊಂಡು ನಿಂತಿದ್ದಾನೆ. ಬೆಳಿಗ್ಗೆ ತಂಗಿಯ ಮಗ ಸೀದಾ ಹುಡುಗಿಯ ಮೇಲೇ ಬೆರಳಿಟ್ಟ. ಆಮೇಲೆ "ಆಡು ಎಲ್ಲಿ ಹೋಯ್ತು?" ಅಂತ ಅಳು. ಅಡ್ಡ ಬರುತ್ತೆ ಅಂತ ನಾನೇ ತೆಗೆದುಹಾಕಿದ್ದೆ. ಈಗ ವಾಪಸ್ ಬಿಡಿಸುತ್ತಿದ್ದೇನೆ, ಕಂದು ಆಡು.