ಹತ್ತು ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿದರೆ ನೆಗೆಟಿವ್ ಖಾಲಿ, ಲೆಕ್ಕ ಎಲ್ಲಿ ತಪ್ಪಿದೆ?

ಕಡಲಬಂಡೆ: ಮೂರು ಭಾನುವಾರ ಹಾಳಾಯಿತು. ಕಾರವಾರದ ಹತ್ತಿರ ತಿಳ್ಮಾತಿ ಬೀಚಿನಲ್ಲಿ ಸಂಜೆ ಹೊತ್ತು ಅಲೆಯನ್ನು ಮಂಜಿನ ಹಾಗೆ ತೆಗೆಯಬೇಕು ಅಂತ ಆಸೆ. ಫಿಲ್ಟರ್ ಇಲ್ಲದೆ ಲೆನ್ಸಿನ ಕಿಂಡಿ ಎಫ್/16ಕ್ಕೆ ಇಟ್ಟರೆ ಬೆಳಕಿನ ಮೀಟರ್ 1/15 ಸೆಕೆಂಡ್ ತೋರಿಸಿತು. ಆಮೇಲೆ ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ, ಹತ್ತು ಸ್ಟಾಪ್ ಅಂದರೆ 1024 ಪಟ್ಟು, ಅಂದರೆ 68 ಸೆಕೆಂಡ್. ಬಲ್ಬ್‌ನಲ್ಲಿಟ್ಟು (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ) ವಾಚ್ ನೋಡಿಕೊಂಡೇ ತೆಗೆದೆ. ಬಂಡೆ ಇರುವ ಜಾಗದಲ್ಲಿ ನೆಗೆಟಿವ್ ಗಾಜಿನ ಹಾಗಿದೆ, ಏನೂ ಇಲ್ಲ. ಲೆಕ್ಕ ಸರಿ ಇದೆ ಅಲ್ವಾ?

ಕತ್ತಲಕೋಣೆ: ಡೆವಲಪರ್ (ಫಿಲ್ಮ್ ತೊಳೆದು ಚಿತ್ರ ಮೂಡಿಸುವ ರಾಸಾಯನಿಕ) ಸತ್ತಿದೆ. ಡಿ-76 ಕಲಸಿ ಎಷ್ಟು ದಿನ ಆಯಿತು?

ಕಡಲಬಂಡೆ: ಎರಡೂವರೆ ತಿಂಗಳು. ಬಾಟಲಿ ಅರ್ಧ ಇದೆ.

ಕತ್ತಲಕೋಣೆ: ನೋಡಿ! ಅರ್ಧ ಬಾಟಲಿಗೆ ಎರಡೇ ತಿಂಗಳು ಆಯಸ್ಸು. ಚೆಲ್ಲಿ, ಹೊಸದು ಕಲಸಿ.

ಶಿರಸಿಮಳೆ: ಅಲ್ಲಿ ಮರಳು ಎಳ್ಳಿನ ಹಾಗೆ ಕಪ್ಪು. ಮೀಟರ್ ಮೋಸ ಹೋಗಿದೆ.

ಎಫ್‌ಎಂ2ಗೆಳೆಯ: ಕಪ್ಪು ಕಂಡರೆ ಮೀಟರ್ ಜಾಸ್ತಿ ಬೆಳಕು ಕೇಳುತ್ತದೆ ಮಾರಾಯ್ರೆ. ಆಗ ನೆಗೆಟಿವ್ ದಟ್ಟ ಆಗಬೇಕಿತ್ತು. ಫಿಲ್ಟರ್ ಮೇಲೆ ಏನು ಬರೆದಿದೆ? ಎನ್‌ಡಿ400 (400ರಲ್ಲಿ ಒಂದು ಪಾಲು ಬೆಳಕು ಬಿಡುವುದು) ಆದರೆ 9 ಸ್ಟಾಪ್ ಕೂಡ ಇಲ್ಲ.

ಶಿರಸಿಮಳೆ: ಅದನ್ನು ಎಲ್ಲರೂ 9 ಅಂತಲೇ ಹಿಡಿಯುವುದು.

ಎಫ್‌ಎಂ2ಗೆಳೆಯ: ಹಿಡಿಯಬಹುದು. ಇರುವುದು ಎಂಟೂ ಮುಕ್ಕಾಲಿಗೂ ಕಡಿಮೆ.

ಕಡಲಬಂಡೆ: ನನ್ನದು ಎನ್‌ಡಿ1000, ಹತ್ತು ಸ್ಟಾಪಿನದೇ. ದಯವಿಟ್ಟು ವಿಷಯಕ್ಕೆ ಬನ್ನಿ.

ಕತ್ತಲಕೋಣೆ: ವಿಷಯ ಡೆವಲಪರೇ.

ದೇವಬಾಗ್120: ಫಿಲ್ಮ್ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ! ಅದೇ ರೋಲಿನಲ್ಲಿ ಫಿಲ್ಟರ್ ಇಲ್ಲದೆ ತೆಗೆದ ಫ್ರೇಮ್ ಹೇಗಿದೆ? ಫಿಲ್ಮಿನ ಅಂಚಿನಲ್ಲಿರುವ ಅಕ್ಷರ ಕಪ್ಪಾಗಿದೆಯಾ?

ಕಡಲಬಂಡೆ: ಇಲ್ಫರ್ಡ್ ಎಫ್‌ಪಿ4 ಪ್ಲಸ್. ಬೈತಖೋಲ್ ದೋಣಿಗಳ ಫ್ರೇಮ್ ಚೆನ್ನಾಗಿ ಬಂದಿದೆ. ಅಕ್ಷರ ಕಡುಕಪ್ಪು.

ದೇವಬಾಗ್120: ಹಾಗಾದರೆ ಡೆವಲಪರ್ ತಪ್ಪಲ್ಲ. ಆ ಅಕ್ಷರಕ್ಕೆ ಕಾರ್ಖಾನೆಯಲ್ಲೇ ಬೆಳಕು ಕೊಟ್ಟಿರುತ್ತಾರೆ. ಡೆವಲಪರ್ ಸತ್ತಿದ್ದರೆ ಅದೂ ಮಸುಕಾಗುತ್ತಿತ್ತು. ನಿಮ್ಮ ಲೆಕ್ಕ ಫಿಲ್ಟರಿನದು ಮಾತ್ರ, ಫಿಲ್ಮಿನ ಲೆಕ್ಕ ಬಿಟ್ಟುಹೋಗಿದೆ. ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮ್ ಮಂದ ಆಗುತ್ತಾ ಹೋಗುತ್ತದೆ. ಇದಕ್ಕೇ ರೆಸಿಪ್ರಾಸಿಟಿ ಫೇಲ್ಯೂರ್ ಅನ್ನುವುದು. ಇಲ್ಫರ್ಡ್‌ನವರೇ ಸೂತ್ರ ಕೊಟ್ಟಿದ್ದಾರೆ: ಬಂದ ಸೆಕೆಂಡಿಗೆ 1.26 ಘಾತ ಹಾಕಿ. ಅವರದೇ ಎಚ್‌ಪಿ5 ಪ್ಲಸ್ ಫಿಲ್ಮ್ ಆದರೆ 1.31. ನಿಮ್ಮ 68 ಸೆಕೆಂಡ್ ಸುಮಾರು 204 ಆಗುತ್ತದೆ. ನೀವು ಕೊಟ್ಟದ್ದು ಮೂರರಲ್ಲಿ ಒಂದು ಪಾಲು. ಅದರ ಮೇಲೆ ಸೂರ್ಯ ಮುಳುಗುವ ಹೊತ್ತು, ಶಟರ್ ತೆರೆದಿರುವಾಗಲೇ ಬೆಳಕು ಇಳಿಯುತ್ತಿರುತ್ತದೆ. ಇನ್ನೂ ಸ್ವಲ್ಪ ಜಾಸ್ತಿ ಕೊಡಿ.

ಎಫ್‌ಎಂ2ಗೆಳೆಯ: ಸುಮ್ನೆ ಫ್ಯೂಜಿ ಅಕ್ರೋಸ್ ಫಿಲ್ಮ್ ಹಾಕಿ. 120 ಸೆಕೆಂಡಿನವರೆಗೆ ತಿದ್ದುವುದೇ ಬೇಡ.

ಶಿರಸಿಮಳೆ: ನನ್ನ ಯಾಶಿಕಾ ಮ್ಯಾಟ್ 124ಜಿ ಎರಡು ಲೆನ್ಸಿನ ಕ್ಯಾಮೆರಾ, ನೋಡುವ ಲೆನ್ಸೇ ಬೇರೆ. ಫಿಲ್ಟರ್ ಹಾಕಿದ ಮೇಲೂ ಫ್ರೇಮ್ ಬೆಳ್ಳಗೆ ಕಾಣುತ್ತದೆ. ಉಂಚಳ್ಳಿ ಜಲಪಾತದಲ್ಲಿ ಒಂದಿಡೀ ರೋಲ್ ಹಾಗೇ ತೆಗೆದೆ.

ಎಫ್‌ಎಂ2ಗೆಳೆಯ: ಅದಕ್ಕೆ ಕೂರುವ ಬೇ-1 ಅಳತೆಯ ಎನ್‌ಡಿ ಎಲ್ಲಿ ಸಿಕ್ಕಿತು?

ಕಡಲಬಂಡೆ: ದೇವಬಾಗ್ ಅಣ್ಣಾ, 204 ಸೆಕೆಂಡ್ ಅಂದರೆ ಭರತದ ನೀರು ಟ್ರೈಪಾಡ್ ಕಾಲಿಗೆ ಬರುತ್ತದೆ. ಎಫ್/11ಕ್ಕೆ ತೆರೆದರೆ 102 ಸಾಕಾ?

ದೇವಬಾಗ್120: ಅಲ್ಲ. ಮೊದಲು 68ನ್ನು ಅರ್ಧ ಮಾಡಿ, ಆಮೇಲೆ ಘಾತ ಹಾಕಿ. 34 ಸೆಕೆಂಡ್ 85 ಆಗುತ್ತದೆ. ಒಂದೇ ಸ್ಟಾಪ್ ತೆರೆದದ್ದಕ್ಕೆ ಎರಡು ನಿಮಿಷ ಉಳಿಯಿತು.

ಕತ್ತಲಕೋಣೆ: ಆ ಡಿ-76 ಮಾತ್ರ ಚೆಲ್ಲಿಬಿಡಿ.