ಕಾಶ್ಮೀರದ ಸರೋವರಗಳಿಗೆ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಚಿಂತಾಮಣಿಯಿಂದ):
ಆಗಸ್ಟ್‌ನಲ್ಲಿ ಒಂದು ವಾರ ರಜೆ ಸಿಕ್ಕಿದೆ. ವಿಶನ್‌ಸರ್, ಗಂಗಾಬಲ್ ಸರೋವರಗಳ ಚಿತ್ರ ನೋಡಿದಾಗಿನಿಂದ ಅಮ್ಮ ‘ಒಮ್ಮೆ ತೋರಿಸಪ್ಪ’ ಎನ್ನುತ್ತಿದ್ದಾರೆ. ವಯಸ್ಸು 61, ಮಂಡಿನೋವಿದೆ. ಆದರೂ ಕೈವಾರದ ಬೆಟ್ಟ ಹತ್ತಿ ಇಳಿಯುತ್ತಾರೆ. ಸೋನಾಮಾರ್ಗ್‌ವರೆಗೆ ಕಾರು ಹೋಗುತ್ತದೆಂದು ಗೊತ್ತು. ಅಲ್ಲಿಂದ ಸರೋವರದ ದಡಕ್ಕೆ ಜೀಪು ಸಿಗುತ್ತದೆಯೇ?

ಉತ್ತರ (ಶಿರಾದಿಂದ):
ಜೀಪು ಹೋಗುವುದಿಲ್ಲ. ನಾನು ಎರಡು ವರ್ಷದ ಹಿಂದೆ ನಡೆದು ಬಂದೆ. ಸೋನಾಮಾರ್ಗ್ ಬಳಿ ಹತ್ತಿ ನಾರಾನಾಗ್‌ನಲ್ಲಿ ಇಳಿಯುವ ದಾರಿ, ಸುಮಾರು 70 ಕಿ.ಮೀ. ನಿಚ್ನೈ, ಗಡ್‌ಸರ್ ಎಂಬ ಎರಡು ಘಟ್ಟಗಳೂ 4,000 ಮೀಟರ್ ಮೀರಿದವು. ನಮ್ಮ ನಂದಿಬೆಟ್ಟ 1,478 ಮೀಟರ್. ಮೂರನೆಯ ರಾತ್ರಿ ತಲೆ ಸಿಡಿದು, ಮನೆಯಿಂದ ಒಯ್ದಿದ್ದ ರಾಗಿ ಹುರಿಹಿಟ್ಟು ಕೂಡ ಗಂಟಲಲ್ಲಿ ಇಳಿಯಲಿಲ್ಲ. ನನಗೆ 34 ವರ್ಷ. ಅಮ್ಮನವರನ್ನು ಆ ದಾರಿಗೆ ಎಳೆಯಬೇಡಿ.

ಅವರಿಗೆ ಬೇಕಿರುವುದು ನೀರೋ ಹುಲ್ಲೋ ಕೇಳಿ ನೋಡಿ. ನೀರಾದರೆ ಶ್ರೀನಗರದ ದಾಲ್ ಸರೋವರದಲ್ಲಿ ಶಿಕಾರಾ ದೋಣಿ ಹತ್ತಿಸಿ, ಮುಗಿಯಿತು. ಹುಲ್ಲಾದರೆ ಸೋನಾಮಾರ್ಗ್‌ನಲ್ಲೇ ಎರಡು ರಾತ್ರಿ ಇರಿ. ‘ಮರ್ಗ್’ ಎಂದರೆ ಅಲ್ಲಿ ಹುಲ್ಲುಗಾವಲೇ. ನಾವು ಕುರಿ ಸಾಕುವ ಮನೆಯವರು, ನನ್ನ ಕಣ್ಣು ಹೋದದ್ದೂ ಅದರ ಮೇಲೆಯೇ. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ ಕುರಿ ಬರಿ ಮಣ್ಣಿಗೆ ಮೂತಿ ಉಜ್ಜುತ್ತದೆ.

ವಿಶನ್‌ಸರ್ ಬಳಿ ಒಬ್ಬ ಬಕ್ಕರ್‌ವಾಲ್ ಅಜ್ಜ ಸಿಕ್ಕರು. ಇವರು ಚಳಿಗಾಲವನ್ನು ಜಮ್ಮುವಿನ ತಗ್ಗಿನಲ್ಲಿ ಕಳೆದು, ಬೇಸಿಗೆಗೆ ಮಂದೆ ಹೊಡೆದುಕೊಂಡು ಮೇಲೆ ಬರುವವರು. ನಾನು ಹೊದ್ದಿದ್ದ ಕರಿಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿದರು, ಒಂದು ಎಳೆ ಬಿಡಿಸಿದರು, ಮೂಗಿಗೆ ಹಿಡಿದರು. ಆಮೇಲೆ ‘ಒರಟು’ ಎಂದು ಮುಖ ಕಿವುಚಿದರು. ನಮ್ಮಜ್ಜಿ ನೂತ ನೂಲು ಸ್ವಾಮಿ, ಸಿಟ್ಟು ಬಂತು. ರಾತ್ರಿ ಮಳೆ ಹಿಡಿದಾಗ ಅದೇ ಕಂಬಳಿಯನ್ನು ಕೇಳಿ ಪಡೆದು, ತಲೆಗೆ ಕೊಪ್ಪೆ ಹಾಕಿಕೊಂಡು ಕುರಿ ನೋಡಲು ಹೋದರು. ನಮ್ಮಪ್ಪ ಹಾಕಿಕೊಳ್ಳುವ ಹಾಗೆಯೇ.

ಸೋನಾಮಾರ್ಗ್‌ನಿಂದ ಥಾಜಿವಾಸ್ ಹಿಮನದಿಯ ಕಡೆಗೆ ಕುದುರೆ ಸಿಗುತ್ತದೆ. ಬಾಡಿಗೆ ಹೋಗಿಬರಲು ಸೇರಿಯೋ ಎಂದು ಹತ್ತುವ ಮೊದಲೇ ಕೇಳಿ. ಕೇಳದೆ ನಾನು ಎರಡು ಸಲ ಕೊಟ್ಟೆ.

ಉತ್ತರ (ಕೋಲಾರದಿಂದ):
ನಮಗೆ ವ್ಯಾಲಿ ಎಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆ, ಅದರ ನೀರು ನಮ್ಮ ಕೆರೆಗೇ ಬರುತ್ತದೆ, ನೋಡಲು ಖರ್ಚಿಲ್ಲ! ತಮಾಷೆ ಬಿಡಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಸರೋವರಗಳ ದಾರಿಯಲ್ಲಿ ಸೇನೆಯವರು ಗುರುತಿನ ಚೀಟಿ ನೋಡುತ್ತಾರೆ, ನೀವೊಬ್ಬರೇ ಹೋಗುವುದಾದರೂ ಮೂಲಪ್ರತಿ ಒಯ್ಯಿರಿ.

ಪ್ರಶ್ನೆ ಕೇಳಿದವರು:
ಶಿರಾದವರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ‘ಹುಲ್ಲು ನೋಡಲು ಅಷ್ಟು ದೂರ ಯಾಕೆ?’ ಎಂದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು, ಆ ಕುದುರೆ ಎಷ್ಟು ಎತ್ತರ ಇರುತ್ತದೆ ಎಂದು ಕೇಳುತ್ತಿದ್ದಾರೆ.