[ಪದಚರ್ಚೆ] ‘ಎನ್ವಿರಾನ್‌ಮೆಂಟ್ ವೇರಿಯೇಬಲ್’ಗೆ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಒಂದು ಪದ ಇವತ್ತು ಸಂಜೆ 5 ಗಂಟೆಯೊಳಗೆ ಬೇಕು.

ನಮ್ಮ ವಾಚನಾಲಯದಲ್ಲಿ 4 ಲಿನಕ್ಸ್ ಕಂಪ್ಯೂಟರ್ ಇವೆ. ಹೋದ ವಾರ ಅಪ್‌ಡೇಟ್ ಮಾಡಿದೆವು. ಆಮೇಲೆ ಪುಟ ವಿನ್ಯಾಸ ಮಾಡುವ ಸ್ಕ್ರೈಬಸ್ ಪ್ರೋಗ್ರಾಂ ಅನ್ನು ಮೆನುವಿನಿಂದ ತೆರೆದರೆ ಕನ್ನಡ ಟೈಪ್ ಆಗುತ್ತಿಲ್ಲ. ಅದನ್ನೇ ಟರ್ಮಿನಲ್‌ನಿಂದ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಿಂದ, ತೆರೆದರೆ ಸಲೀಸಾಗಿ ಆಗುತ್ತದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ‘ಕೀಲಿಮಣೆಗೆ ಐಬಸ್ (ಕನ್ನಡ ಟೈಪಿಂಗ್ ನೋಡಿಕೊಳ್ಳುವ ಪ್ರೋಗ್ರಾಂ) ಬಳಸು’ ಎಂದು ಹೇಳುವ ಕ್ಯೂಟಿ_ಐಎಂ_ಮಾಡ್ಯೂಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಇದೆಯಲ್ಲ, ಅದು ಮೆನುವಿನಿಂದ ತೆರೆದ ಪ್ರೋಗ್ರಾಂಗೆ ತಲುಪುತ್ತಿಲ್ಲ. ನಾವು ಅದನ್ನು ಲಾಗಿನ್ ಆಗುವಾಗ ಓದುವ ಎಕ್ಸ್‌ಸೆಷನ್‌ಆರ್‌ಸಿ ಫೈಲಿನಲ್ಲಿ ಬರೆದಿಟ್ಟಿದ್ದೆವು. ಈಗ ಲಾಗಿನ್, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ ಎಕ್ಸ್11 ಬಿಟ್ಟು ಹೊಸದಾದ ವೇಲ್ಯಾಂಡ್‌ಗೆ ಹೋಗಿದೆ. ಅಲ್ಲಿ ಆ ಫೈಲನ್ನು ಯಾರೂ ಓದುವುದೇ ಇಲ್ಲ. ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲೂ ಅದೇ ಸಾಲು ಇತ್ತು, ಹಾಗಾಗಿ ಟರ್ಮಿನಲ್‌ನಲ್ಲಿ ಮಾತ್ರ ಸರಿ.

ಇದನ್ನು ಮಕ್ಕಳಿಗೆ ತಿಳಿಯುವ ಹಾಗೆ ಬರೆದು ಗೋಡೆಗೆ ಅಂಟಿಸಬೇಕು. ‘ಪರಿಸರ ಚರಾಂಶ’ ಅಂತ ಬರೆದು ಒಬ್ಬರಿಗೆ ತೋರಿಸಿದೆ. ಅವರು ಕಾಫಿ ಬೆಳೆಗಾರರು. ‘ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿ ವಿಚಾರವಾ?’ ಅಂದರು. ತಪ್ಪು ಅವರದಲ್ಲ. 2013ರಿಂದ ಇಲ್ಲಿ ಪರಿಸರ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸೂಕ್ಷ್ಮ ಪ್ರದೇಶದ ಗಲಾಟೆಯೇ. ಬೇರೆ ಪದ ಇದೆಯಾ?

*

ವಿರಾಜಪೇಟೆಯಿಂದ:

‘ಪರಿಸರ ಚರಾಂಶ’ವೇ ಸರಿ. ಶಾಲೆ ಗಣಿತದಲ್ಲಿ ಚರಾಕ್ಷರ ಇದೆ, ಮಕ್ಕಳಿಗೆ ಗೊತ್ತು. ಒಬ್ಬರಿಗೆ ತಿಳಿಯಲಿಲ್ಲ ಅಂತ ಪದ ಬಿಡೋದಾ?

*

ಕುಶಾಲನಗರದಿಂದ:

ಚರ ಅಂದರೆ ನಡೆದಾಡುವುದು. ಪರಿಸರದಲ್ಲೂ ಅದೇ, ಸುತ್ತ ಹರಿಯುವುದು. ಎರಡೂ ಸಂಸ್ಕೃತ, ಎರಡರಲ್ಲೂ ಓಡಾಟ. ಇಲ್ಲಿ ಓಡಾಡುವುದು ಯಾವುದು? ಒಂದು ಹೆಸರು, ಅದರ ಮುಂದೆ ಒಂದು ಬೆಲೆ, ಅಷ್ಟೇ. ‘ಸುತ್ತಣ ಬದಲುಕ’ ಅನ್ನಿ. ನಮ್ಮದೇ ಬೇರುಗಳಿಂದ ಕಟ್ಟಿದ ಪದ.

*

ಸೋಮವಾರಪೇಟೆಯಿಂದ:

ಬದಲು ನಮ್ಮ ಬೇರಲ್ಲ ಸರ್. ಅರಬ್ಬಿಯಿಂದ ಹಿಂದೂಸ್ತಾನಿಗೆ ಬಂದು ನಮಗೆ ಬಂದದ್ದು.

ನೀವೆಲ್ಲ ‘ಸುತ್ತ’ ಅನ್ನುವುದನ್ನೇ ಹಿಡಿದುಕೊಂಡಿದ್ದೀರಿ. ಮುಖ್ಯ ಗುಣ ಅದಲ್ಲ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1979ರ 7ನೇ ಆವೃತ್ತಿಯಿಂದ ಇವತ್ತಿನವರೆಗೂ ಕ್ರಮ ಒಂದೇ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುವಾಗ ತನ್ನ ಹತ್ತಿರ ಇರುವ ಈ ಹೆಸರು, ಬೆಲೆಗಳ ನಕಲನ್ನು ಕೊಟ್ಟು ಕಳಿಸುತ್ತದೆ. ಆಮೇಲೆ ತಾಯಿ ತನ್ನದನ್ನು ತಿದ್ದಿಕೊಂಡರೂ ಮಗುವಿನದು ಬದಲಾಗುವುದಿಲ್ಲ. ಮಡಿಕೇರಿಯವರ ತೊಂದರೆ ಇದೇ ಅಲ್ವಾ? ಟರ್ಮಿನಲ್‌ನ ಮಗುವಿಗೆ ಸಿಕ್ಕಿತು, ಮೆನುವಿನ ಮಗುವಿಗೆ ಸಿಗಲಿಲ್ಲ. ವಂಶಪಾರಂಪರ್ಯದ ಜಮ್ಮಾ ಭೂಮಿ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಬರುವುದನ್ನು ನೋಡಿದ ನಮಗೆ ಇದು ಹೊಸದಾ? ಪದ ಕೈಯಲ್ಲೇ ಇದೆ: ಬಳುವಳಿ. ಹಳಗನ್ನಡದ ಬಳಿವಳಿ. ‘ಬಳಿಕ’ದಲ್ಲಿರುವ ಬಳಿಯೇ ಇದು, ಹಿಂದಿನಿಂದ ಬಂದದ್ದು. ‘ಬಳುವಳಿ ಬೆಲೆ’ ಅನ್ನಿ.

*

ಕುಶಾಲನಗರದಿಂದ:

ಬಳುವಳಿ ಪ್ರೋಗ್ರಾಮಿಂಗ್‌ನ ಇನ್ನೊಂದು ಪದ ಇನ್‌ಹೆರಿಟೆನ್ಸ್‌ಗೆ ಬೇಕು. ಎರಡಕ್ಕೂ ಒಂದೇ ಪದ ಕೊಟ್ಟರೆ ಮುಂದೆ ಪಾಠ ಬರೆಯುವವರು ಏನು ಮಾಡಬೇಕು? ಬದಲು ವಿಷಯ ಒಪ್ಪಿದೆ. ‘ಸುತ್ತಣ ಮಾರ್ಪುಕ’.

*

ನಾಪೋಕ್ಲಿನಿಂದ:

ಸುಮ್ನೆ ‘ಎನ್ವಿರಾನ್‌ಮೆಂಟ್ ವೇರಿಯೇಬಲ್’ ಅಂತಲೇ ಬರೆಯಿರಿ ಅಕ್ಕ. ನಮ್ಮ ತೋಟದಲ್ಲಿ ರೈಟರು (ಲೆಕ್ಕ ಬರೆಯುವವರು), ಲೈನುಮನೆ, ಪಲ್ಪರು, ಪಾರ್ಚ್‌ಮೆಂಟು, ಚೆರಿ. ಇದರಲ್ಲಿ ಯಾವುದನ್ನು ಯಾರು ಅನುವಾದ ಮಾಡಿದರು? ಕಾಫಿ ಅನ್ನುವ ಪದವೇ ಹೊರಗಿನದು. ಅದರಿಂದ ಕನ್ನಡ ಬಡವಾಯಿತಾ? ಮಾರ್ಪುಕ ಅಂದರೆ ನನಗೂ ತಿಳಿಯಲಿಲ್ಲ, ನಮ್ಮ ರೈಟರಿಗೂ ತಿಳಿಯಲಿಲ್ಲ.

*

ಕುಶಾಲನಗರದಿಂದ:

ಪಲ್ಪರು ಕಣ್ಣೆದುರು ತಿರುಗುವ ಯಂತ್ರ. ಹೆಸರು ಯಾವುದಾದರೂ ನಡೆಯುತ್ತದೆ, ಹಣ್ಣು ಹಾಕಿದರೆ ಬೀಜ ಬರುವುದು ಕಾಣುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಪದವೇ ಕೈಹಿಡಿದು ಕರೆದೊಯ್ಯಬೇಕು. ಅಲ್ಲಿ ಅರ್ಥ ಒಡೆಯದ ಪದ ಇಟ್ಟರೆ ಮಗು ಬಾಯಿಪಾಠ ಮಾಡುತ್ತದೆ, ಅಷ್ಟೇ. ಮತ್ತೆ ನಿಮ್ಮ ತೋಟದಲ್ಲೇ ಕಾಫಿ ಒಣಗಿಸುವ ಜಾಗಕ್ಕೆ ಕಣ ಅನ್ನುತ್ತೀರಿ. ಅದನ್ನು ಯಾಕೆ ಮರೆತಿರಿ?

*

ವಿರಾಜಪೇಟೆಯಿಂದ:

ಕಣ ಹಳೆಯ ಪದ. ಯಾರೂ ಕೂತು ಕಟ್ಟಿದ್ದಲ್ಲ. ಮಾರ್ಪುಕ ಇವತ್ತು ಮಧ್ಯಾಹ್ನ ಹುಟ್ಟಿದ್ದು.

*

ಮಡಿಕೇರಿಯಿಂದ:

ಎಲ್ಲರಿಗೂ ಧನ್ಯವಾದ. ಮಳೆ ಜಾಸ್ತಿ ಇದೆ. ಕರೆಂಟ್ ಹೋಗುವ ಮೊದಲೇ ಪ್ರಿಂಟ್ ತೆಗೆದೆ.

‘ಬಳುವಳಿ’ ನನಗೆ ತುಂಬಾ ಹಿಡಿಸಿತು. ಆದರೆ ‘ಬಳುವಳಿ ಬೆಲೆ’ ಅಂತ ಬರೆದು ನೋಡಿದರೆ ಮದುವೆ ಮನೆಯ ಮಾತಿನ ಹಾಗೆ ಕೇಳಿಸಿತು. ಇಂಗ್ಲಿಷ್ ಪದವನ್ನು ಪೂರ್ತಿ ಬಿಡುವುದಕ್ಕೂ ಆಗಲಿಲ್ಲ. ನಾಳೆ ಮಕ್ಕಳು ಇಂಟರ್‌ನೆಟ್‌ನಲ್ಲಿ ಹುಡುಕುವುದು ಅದನ್ನೇ. ಸೋಮವಾರಪೇಟೆಯವರ ವಿವರಣೆಯನ್ನು ಸಾಲಾಗಿ ಇಳಿಸಿದೆ. ಅಂಟಿಸಿದ್ದು ಹೀಗಿದೆ:

‘ಎನ್ವಿರಾನ್‌ಮೆಂಟ್ ವೇರಿಯೇಬಲ್: ಪ್ರೋಗ್ರಾಂ ಶುರುವಾಗುವಾಗ, ಅದನ್ನು ತೆರೆದ ಪ್ರೋಗ್ರಾಂನಿಂದ ಬಳುವಳಿಯಾಗಿ ಬರುವ ಹೆಸರು ಮತ್ತು ಬೆಲೆ. ಮೆನುವಿನಿಂದ ತೆರೆದಾಗ ಕನ್ನಡ ಬರದಿದ್ದರೆ ಈ ಬಳುವಳಿ ತಪ್ಪಿದೆ ಎಂದು ತಿಳಿಯಿರಿ. .ಕಾನ್ಫಿಗ್ ಫೋಲ್ಡರಿನ ಒಳಗೆ ಎನ್ವಿರಾನ್‌ಮೆಂಟ್.ಡಿ ಎಂಬ ಫೋಲ್ಡರ್ ಮಾಡಿ. ಅದರಲ್ಲಿ .ಕಾನ್ಫ್ ಎಂದು ಕೊನೆಯಾಗುವ ಫೈಲಿನಲ್ಲಿ ಕ್ಯೂಟಿ_ಐಎಂ_ಮಾಡ್ಯೂಲ್ ಸಾಲು ಬರೆಯಿರಿ. ಲಾಗೌಟ್ ಮಾಡಿ, ಮತ್ತೆ ಲಾಗಿನ್ ಆಗಿ. ಪ್ರೋಗ್ರಾಂ ಮುಚ್ಚಿ ತೆರೆದರೆ ಸಾಲದು.’

ನನ್ನ ಕಂಪ್ಯೂಟರಿನಲ್ಲಿ ಹಾಗೇ ಮಾಡಿದೆ. ಕನ್ನಡ ಬಂತು.

ಇನ್ನೊಂದು ಪದ ಉಳಿದಿದೆ. ಬ್ಯಾಶ್‌ಆರ್‌ಸಿ ಸಾಲಿನ ಮೊದಲಿಗೆ ‘ಎಕ್ಸ್‌ಪೋರ್ಟ್’ ಇರುತ್ತದಲ್ಲ, ಹೊಸ ಫೈಲಿಗೆ ನಕಲು ಮಾಡುವಾಗ ಅದನ್ನು ತೆಗೆಯಬೇಕು ಅಂತ ಹೇಳಬೇಕಿದೆ. ‘ರಫ್ತು’ ಅಂತ ಬರೆದರೆ ಈ ಊರಲ್ಲಿ ಕಾಫಿ ಅಂತಲೇ ತಿಳಿಯುತ್ತಾರೆ. ಅದಕ್ಕೆ ಏನನ್ನೋಣ? ಅವಸರ ಇಲ್ಲ, ಸೋಮವಾರದೊಳಗೆ ಸಿಕ್ಕರೆ ಸಾಕು.